ಎಣ್ಣೆ, ಗಡಿ ಮತ್ತು ಮೂಲಪ್ರತಿಯಿಲ್ಲದ ಒಡಂಬಡಿಕೆ: ಈಕ್ವಟೋರಿಯಲ್ ಗಿನಿಯ ಒಂದು ಪ್ರಸಂಗ

ಗ್ಯಾಬನ್ ಮತ್ತು ಈಕ್ವಟೋರಿಯಲ್ ಗಿನಿಗಳ ನಡುವಣ ಕಡಲಿನಲ್ಲಿರುವ ಎಂಬಾನಿಯೆ ದ್ವೀಪದ ವಿಸ್ತೀರ್ಣ ಸುಮಾರು 30 ಹೆಕ್ಟೇರ್. ಅದರ ಬಳಿಯ ಕೊಕೊಟಿಯೆ, ಕೊಂಗ ದ್ವೀಪಗಳು ಇನ್ನೂ ಚಿಕ್ಕವು. ಬಹುಮಟ್ಟಿಗೆ ಜನವಸತಿಯಿಲ್ಲದ ಈ ನೆಲಕ್ಕಾಗಿ ಎರಡು ದೇಶಗಳು ಅರ್ಧ ಶತಮಾನ ಹೋರಾಡಿದವು. ದ್ವೀಪದ ಒಡೆತನದೊಂದಿಗೆ ಸುತ್ತಲಿನ ಕಡಲಿನ ಹಕ್ಕೂ, ಕಡಲ ತಳದ ತೈಲದ ಹಕ್ಕೂ ಬರುತ್ತವೆ ಎಂಬುದೇ ಇದಕ್ಕೆ ಕಾರಣ.

ಭೂಗಡಿಯ ಕಥೆ ಇನ್ನೂ ಹಳೆಯದು. 1900ರಲ್ಲಿ ಫ್ರಾನ್ಸ್ ಮತ್ತು ಸ್ಪೇನ್ ಪ್ಯಾರಿಸ್‌ನಲ್ಲಿ ಕುಳಿತು ಅಕ್ಷಾಂಶ ರೇಖಾಂಶಗಳ ಆಧಾರದಿಂದ ರಿಯೊ ಮುನಿಯ ಎಲ್ಲೆಯನ್ನು ಗೊತ್ತುಮಾಡಿದವು. ಆ ಗೆರೆಗಳು ಫಾಂಗ್ ಜನರ ನಾಡನ್ನು ಸೀಳಿದವು. ಅವರ ಎಂವೆಟ್ ಮಹಾಕಾವ್ಯ ಮಾತ್ರ ಸೀಳಲಿಲ್ಲ. ಸಾವಿಲ್ಲದ ಎಂಗಾಂಗ್‌ನವರಿಗೂ ಸಾಯುವ ಓಕುವಿನವರಿಗೂ ನಡೆಯುವ ಸಂಘರ್ಷವನ್ನು, ಸೋರೆಬುರುಡೆಗಳನ್ನು ಕಟ್ಟಿದ ತಂತಿವಾದ್ಯದೊಡನೆ, ಕ್ಯಾಮರೂನ್, ಗ್ಯಾಬನ್, ರಿಯೊ ಮುನಿಗಳ ಹಾಡುಗಾರರು ಹಾಡುತ್ತ ಬಂದರು. 1968ರ ಅಕ್ಟೋಬರ್ 12ರಂದು ಸ್ಪೇನ್‌ನಿಂದ ಸ್ವಾತಂತ್ರ್ಯ ಪಡೆದ ದೇಶವು ಮಸೀಯಾಸ್ ಎಂಗೇಮಾನ ಕ್ರೂರ ಆಳ್ವಿಕೆಗೆ ಸಿಲುಕಿದಾಗ, ಜನಸಂಖ್ಯೆಯ ಸುಮಾರು ಮೂರನೆಯ ಒಂದು ಭಾಗ ದೇಶಾಂತರ ಹೋಯಿತೆಂದು ಅಂದಾಜಿಸಲಾಗಿದೆ. ಅನೇಕರಿಗೆ ಆಶ್ರಯ ದೊರೆತದ್ದು ಇದೇ ಗೆರೆಯಾಚೆಯ ನೆರೆನಾಡುಗಳಲ್ಲಿ.

1972ರಲ್ಲಿ ಗ್ಯಾಬನ್ ಎಂಬಾನಿಯೆಯನ್ನು ವಶಪಡಿಸಿಕೊಂಡಿತು. 1979ರಲ್ಲಿ ಒಬಿಯಾಂಗ್ ತನ್ನ ಚಿಕ್ಕಪ್ಪ ಮಸೀಯಾಸ್‌ನನ್ನು ಪದಚ್ಯುತಗೊಳಿಸಿದ ಮೇಲೂ ವಿವಾದ ಉಳಿಯಿತು. 1995ರಲ್ಲಿ ಬಿಯೊಕೊ ದ್ವೀಪದ ಸಮೀಪ ಜಾಫಿರೊ ತೈಲಕ್ಷೇತ್ರ ಪತ್ತೆಯಾದ ಮೇಲೆ ಪುಟ್ಟ ದೇಶದ ಮೇಲೆ ದೊಡ್ಡವರ ಕಣ್ಣು ಬಿದ್ದಿತು. ಅದೇ ವರ್ಷ ತನ್ನ ರಾಯಭಾರ ಕಚೇರಿಯನ್ನು ಮುಚ್ಚಿದ್ದ ಅಮೆರಿಕ 2003ರಲ್ಲಿ ಮತ್ತೆ ತೆರೆಯಿತು. 2004ರಲ್ಲಿ ಸೈಮನ್ ಮ್ಯಾನ್‌ನ ಬಾಡಿಗೆ ಸೈನಿಕರು ಹರಾರೆಯಲ್ಲಿ ಸಿಕ್ಕಿಬಿದ್ದರು. ಅವರ ಗುರಿ ಒಬಿಯಾಂಗ್‌ನ ಸರ್ಕಾರವಾಗಿತ್ತು. ಚೀನಾ ರಸ್ತೆ, ಬಂದರುಗಳ ಮೂಲಕ ಕಾಲೂರಿತು. ಹಳೆಯ ವಸಾಹತುಶಾಹಿ ನಕ್ಷೆ ಬರೆದು ಹೋಯಿತು, ಹೊಸಬರು ಗುತ್ತಿಗೆ ಬರೆದುಕೊಂಡರು.

ಜಾನಪದ ಸಂಶೋಧಕನಾಗಿ ನನ್ನನ್ನು ಹೆಚ್ಚು ಕಾಡುವುದು ಒಂದು ಕಾಗದ. ದ್ವೀಪಗಳು ತನಗೇ ಸೇರಿದವೆಂದು ಸಾರುವ 1974ರ ‘ಬಾಟಾ ಒಡಂಬಡಿಕೆ’ಯನ್ನು ಗ್ಯಾಬನ್ 2003ರಲ್ಲಿ ಮುಂದಿಟ್ಟಿತು. ಅದು ಛಾಯಾಪ್ರತಿ, ಮೂಲಪ್ರತಿಯನ್ನು ಎರಡೂ ಕಡೆಯವರು ಹಾಜರುಪಡಿಸಲಾಗಲಿಲ್ಲ. ಮೌಖಿಕ ಕಾವ್ಯಕ್ಕೆ ಮೂಲಪಾಠವಿಲ್ಲವೆಂದು ಹೀಗಳೆಯುವವರು ಬರೆಹದ ಈ ಸ್ಥಿತಿಯನ್ನೂ ಗಮನಿಸಬೇಕು. ಎಂವೆಟ್‌ಗೆ ಮೂಲಪಾಠವಿಲ್ಲ, ಆದರೆ ಅದನ್ನು ಒಪ್ಪಿ ಕೇಳುವ ಸಮುದಾಯವಿದೆ. ಈ ಕಾಗದಕ್ಕೆ ಅದೂ ಇರಲಿಲ್ಲ. ಸಹಿ ಹಾಕಿದ್ದಾರೆನ್ನಲಾದ ರಾಜ್ಯಗಳೇ ಅನಂತರದ ದಶಕಗಳಲ್ಲಿ ಅದನ್ನು ತಮಗೆ ಬದ್ಧವಾದ ಒಡಂಬಡಿಕೆಯೆಂದು ನಡೆಸಿಕೊಂಡಿರಲಿಲ್ಲ.

ಅಂತರರಾಷ್ಟ್ರೀಯ ನ್ಯಾಯಾಲಯವು 2025ರ ಮೇ 19ರಂದು ನೀಡಿದ ತೀರ್ಪಿನಲ್ಲಿ ಈ ನಡವಳಿಕೆಗೇ ತೂಕ ಕೊಟ್ಟು, ಬಾಟಾ ದಾಖಲೆಗೆ ಒಪ್ಪಂದದ ಬಲವಿಲ್ಲವೆಂದಿತು. ಸ್ಪೇನ್‌ಗೆ ದ್ವೀಪಗಳ ಮೇಲಿದ್ದ ಹಕ್ಕು ಸ್ವಾತಂತ್ರ್ಯದೊಂದಿಗೆ ಈಕ್ವಟೋರಿಯಲ್ ಗಿನಿಗೆ ಸಂದಿತೆಂದೂ, ಭೂಗಡಿಗೆ 1900ರ ಒಡಂಬಡಿಕೆಯೇ ಆಧಾರವೆಂದೂ ತೀರ್ಮಾನಿಸಿತು. ಹೀಗೆ ಆಫ್ರಿಕದ ಎರಡು ರಾಜ್ಯಗಳ ವ್ಯಾಜ್ಯ ಯುರೋಪಿನ ಎರಡು ರಾಜ್ಯಗಳ ಉತ್ತರಾಧಿಕಾರದ ಲೆಕ್ಕದಲ್ಲಿ ಇತ್ಯರ್ಥವಾಯಿತು. ಫಾಂಗ್ ಜನರು ಯಾರೆಂಬ ಪ್ರಶ್ನೆ ಅಲ್ಲಿ ಏಳಲೇ ಇಲ್ಲ. ಅನ್ವಯಿಸುವ ಹಕ್ಕುಪತ್ರ ಯಾವುದೆಂದಷ್ಟೇ ನ್ಯಾಯಾಲಯವನ್ನು ಕೇಳಲಾಗಿತ್ತು, ಗೆರೆ ಎಳೆಯುವ ಕೆಲಸ ಉಭಯ ರಾಜ್ಯಗಳಿಗೇ ಉಳಿಯಿತು. ಅಷ್ಟರೊಳಗೆ ಜಾಫಿರೊದ ಇಳುವರಿ ಕುಗ್ಗಿತ್ತು. ಅದನ್ನು ನಡೆಸುತ್ತಿದ್ದ ಎಕ್ಸಾನ್‌ಮೊಬಿಲ್ 2024ರಲ್ಲಿ ದೇಶದಿಂದ ನಿರ್ಗಮಿಸಿತ್ತು.