ಕ್ಲಚ್ಚಿಗೆ ಏಕೆ ಬೇಕು ಬೆರಳಗಲದ ಸಡಿಲ?

ಹಳೆಯ ಮಾರುತಿ 800 ಕಾರನ್ನು ಗ್ಯಾರೇಜಿಗೆ ಒಯ್ದವರು ಈ ದೃಶ್ಯ ನೋಡಿರಬಹುದು. ಮೆಕ್ಯಾನಿಕ್ ಬಾಗಿಲು ತೆರೆದು ಕುಕ್ಕರಗಾಲಿನಲ್ಲಿ ಕುಳಿತು ಕ್ಲಚ್ ಪೆಡಲನ್ನು ಕೈಯಿಂದ ಒತ್ತುತ್ತಾನೆ. ಮೊದಲು ಅದು ಹಗುರವಾಗಿ ಸರಿಯುತ್ತದೆ, ಆಮೇಲೆ ಬಿಗಿ ಸಿಗುತ್ತದೆ. ಆ ಹಗುರದ ಚಲನೆಗೆ ಗ್ಯಾರೇಜಿನ ಭಾಷೆಯಲ್ಲಿ ‘ಪ್ಲೇ’ ಎಂದು ಹೆಸರು. ಯಂತ್ರವೆಂದ ಮೇಲೆ ಎಲ್ಲವೂ ಬಿಗಿಯಾಗಿರಬೇಕಲ್ಲವೇ? ಈ ಸಡಿಲವನ್ನು ಬೇಕೆಂದೇ ಏಕೆ ಉಳಿಸುತ್ತಾರೆ?

ಕಾರು ನಿಂತಾಗಲೂ ಇಂಜಿನ್ ತಿರುಗುತ್ತಿರಬೇಕು. ಈ ಪೇಚಿಗೆ ಕಾರ್ಲ್ ಬೆಂಜ್ 1886ರಲ್ಲಿ ಪೇಟೆಂಟ್ ಪಡೆದ ಮೂರು ಚಕ್ರದ ಗಾಡಿಯಲ್ಲಿ ಬೆಲ್ಟೇ ಪರಿಹಾರ. ಅದನ್ನು ಸುಮ್ಮನೆ ತಿರುಗುವ ರಾಟೆಗೆ ಸರಿಸಿದರೆ ಗಾಡಿ ನಿಲ್ಲುತ್ತಿತ್ತು, ಬಿಗಿ ರಾಟೆಗೆ ತಂದರೆ ಹೊರಡುತ್ತಿತ್ತು. ಹಳೆಯ ಕಾರ್ಖಾನೆಗಳ ಉಪಾಯವೇ ಇದು.

ನಂತರ ಬಂದದ್ದು ಶಂಕುವಿನಾಕಾರದ ಕ್ಲಚ್. ಅದರ ಮೈಗೆ ಚರ್ಮದ ಹೊದಿಕೆ. 1907ರ ರೋಲ್ಸ್ ರಾಯ್ಸ್ ಸಿಲ್ವರ್ ಘೋಸ್ಟ್‌ನಂಥ ಶ್ರೀಮಂತ ಕಾರಿನಲ್ಲೂ ಇದ್ದದ್ದು ಚರ್ಮವೇ. ಚರ್ಮ ಒಣಗಿದರೆ ಕಾರು ಜಿಗಿದು ಹೊರಡುತ್ತಿತ್ತು. ಆಗ ಹರಳೆಣ್ಣೆ ಸವರುತ್ತಿದ್ದರು. ಎಣ್ಣೆ ಹೆಚ್ಚಾಗಿ ಜಾರಿದರೆ ಮುಲ್ತಾನಿ ಮಿಟ್ಟಿಯ ಪುಡಿ ಉದುರಿಸುತ್ತಿದ್ದರು. ತಲೆಗೆ ಹರಳೆಣ್ಣೆ, ಮುಖಕ್ಕೆ ಮುಲ್ತಾನಿ ಮಿಟ್ಟಿ ಹಚ್ಚುವ ನಮಗೆ ಇದು ಕಾರಿನ ರಿಪೇರಿಗಿಂತ ಅಜ್ಜಿಯ ಆರೈಕೆಯಂತೆ ಕಂಡರೆ ಆಶ್ಚರ್ಯವಿಲ್ಲ.

ಚರ್ಮವನ್ನು ಹೊರದೂಡಿದ್ದು ಆಸ್ಬೆಸ್ಟಾಸ್. ಇಂಗ್ಲೆಂಡಿನ ಹರ್ಬರ್ಟ್ ಫ್ರೂಡ್ 1897ರಲ್ಲಿ ಆರಂಭಿಸಿದ ಫೆರೊಡೊ ಕಂಪನಿ ಬ್ರೇಕ್ ಮತ್ತು ಕ್ಲಚ್ ಲೈನಿಂಗ್‌ಗೆ ಹೆಸರಾಯಿತು. ಫ್ರೂಡ್ ಎಂಬ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನೇ ಅದಲುಬದಲು ಮಾಡಿ, ಒಂದು ಅಕ್ಷರ ಸೇರಿಸಿದರೆ ಫೆರೊಡೊ. ಶಾಖಕ್ಕೆ ಬಗ್ಗದ ಲೈನಿಂಗ್ ಸಿಕ್ಕ ಮೇಲೆ ಒಂದೇ ತಟ್ಟೆಯ ಒಣ ಕ್ಲಚ್ ಎಲ್ಲೆಡೆ ಹಬ್ಬಿತು. ಮಾರುತಿಯಲ್ಲಿ ಇರುವುದೂ ಅದೇ ಜಾತಿಯದು.

ಇದರಲ್ಲಿ ಇಂಜಿನ್ನಿನ ಫ್ಲೈವೀಲ್ ಮತ್ತು ಪ್ರೆಶರ್ ಪ್ಲೇಟ್ ನಡುವೆ ಕ್ಲಚ್ ಪ್ಲೇಟ್ ಸ್ಪ್ರಿಂಗಿನ ಬಲದಿಂದ ಅದುಮಿಕೊಂಡಿರುತ್ತದೆ. ಪೆಡಲ್ ತುಳಿದಾಗ ರಿಲೀಸ್ ಬೇರಿಂಗ್ ಮುಂದೆ ಸರಿದು ಸ್ಪ್ರಿಂಗಿನ ನಾಲಗೆಗಳನ್ನು ಒತ್ತುತ್ತದೆ, ಹಿಡಿತ ಬಿಡುತ್ತದೆ. ತುಳಿಯದಿದ್ದಾಗ ಬೇರಿಂಗ್ ನಾಲಗೆಗಳಿಂದ ತುಸು ದೂರವಿರಬೇಕು. ಪೆಡಲಿನಲ್ಲಿ ಕಾಣುವ ಸಡಿಲ ಈ ಅಂತರದ್ದೇ.

ಸ್ವಾರಸ್ಯ ಮುಂದಿದೆ. ಸವೆದರೆ ಸಡಿಲ ಹೆಚ್ಚಬೇಕೆಂದು ನಾನೂ ತಿಳಿದಿದ್ದೆ. ಕ್ಲಚ್ಚಿನಲ್ಲಿ ಆಗುವುದು ತದ್ವಿರುದ್ಧ. ಪ್ಲೇಟ್ ತೆಳುವಾದಂತೆ ಪ್ರೆಶರ್ ಪ್ಲೇಟ್ ಫ್ಲೈವೀಲಿನತ್ತ ಸರಿಯುತ್ತದೆ, ನಾಲಗೆಗಳು ಬೇರಿಂಗಿನತ್ತ ಬರುತ್ತವೆ, ಸಡಿಲ ಕರಗುತ್ತದೆ. ಪೂರ್ತಿ ಕರಗಿದರೆ ಯಾರೋ ಸದಾ ಪೆಡಲಿನ ಮೇಲೆ ಕಾಲಿಟ್ಟಂತೆಯೇ ಸರಿ. ಕ್ಲಚ್ ಜಾರುತ್ತದೆ, ಘಾಟಿಯಲ್ಲಿ ಇಂಜಿನ್ ಕೂಗಿದರೂ ಕಾರು ಏರುವುದಿಲ್ಲ, ಸುಟ್ಟ ವಾಸನೆ ಬರುತ್ತದೆ. ಕೇಬಲ್ ಹಿಗ್ಗಿ ಸಡಿಲ ವಿಪರೀತವಾದರೆ ಹಿಡಿತ ಪೂರ್ತಿ ಬಿಡದೆ ಗೇರ್ ‘ಗರ್ರ್’ ಎನ್ನುತ್ತದೆ.

ಎರಡಕ್ಕೂ ಮದ್ದು ಕೇಬಲಿನ ತುದಿಯ ನಟ್. ಕೊಳವೆಯೊಳಗೆ ತಂತಿ ಜಾರುವ ಇಂಥ ಕೇಬಲಿಗೆ ಅರ್ನೆಸ್ಟ್ ಬೌಡನ್ 1896ರಲ್ಲಿ ಪೇಟೆಂಟ್ ಪಡೆದ. 2003ರವರೆಗೆ ತಯಾರಾದ ಫೋಕ್ಸ್‌ವ್ಯಾಗನ್ ಬೀಟಲ್‌ನಲ್ಲಿ ಈ ನಟ್‌ಗೆ ಎರಡು ಕಿವಿಗಳು, ಕೈಯಿಂದಲೇ ತಿರುಗಿಸಬಹುದು. ಅದರ ಪೆಡಲಿಗೆ 10ರಿಂದ 20 ಮಿಲಿಮೀಟರ್ ಸಡಿಲ ಸಾಕು. ಆದರೆ ನಟ್ ಇರುವುದು ಹಿಂದೆ, ಗೇರ್‌ಬಾಕ್ಸಿನ ಬಳಿ. ಕಾರಿನಡಿ ನುಸುಳಲೇಬೇಕು. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಮಾರುತಿಯಲ್ಲಿ ಬಾನೆಟ್ ಎತ್ತಿದರೆ ಸಾಕು. ಆ ಮಟ್ಟಿಗೆ ಜಪಾನೀ ವಿನ್ಯಾಸಕಾರರು ಹೆಚ್ಚು ದಯಾಳುಗಳು.

ನಟ್ ತಿರುಗಿಸಲು ಥ್ರೆಡ್ ಉಳಿಯದಿದ್ದರೆ ಗೇರ್‌ಬಾಕ್ಸ್ ಇಳಿಸಿ ಪ್ಲೇಟ್ ಬದಲಿಸದೆ ವಿಧಿಯಿಲ್ಲ. ಒಳಗೆ ಕರಿ ಧೂಳು ತುಂಬಿರುತ್ತದೆ. ಗ್ಯಾರೇಜಿನ ಹುಡುಗರು ಅದನ್ನು ಬಾಯಿಂದಲೋ ಗಾಳಿಯ ಪೈಪಿನಿಂದಲೋ ಊದಿಬಿಡುತ್ತಾರೆ. ಹಳೆಯ ಪ್ಲೇಟಾದರೆ ಆ ಧೂಳಿನಲ್ಲಿ ಆಸ್ಬೆಸ್ಟಾಸ್ ಇರಬಹುದು. ಅದರ ಎಲ್ಲ ಬಗೆಗಳೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ರೋಗ ಕಾಣಿಸಿಕೊಳ್ಳಲು ದಶಕಗಳೇ ಹಿಡಿಯುವುದರಿಂದ ಹುಡುಗರಿಗೆ ಹೆದರಿಕೆಯೂ ಹುಟ್ಟುವುದಿಲ್ಲ. ಮೂಗಿಗೆ ತಕ್ಕ ಮಾಸ್ಕ್ ಧರಿಸಿ ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಎಸೆಯುವಂತೆ ಕಾರಿನ ಒಡೆಯರೇ ನಿಂತು ಹೇಳಬಹುದು.