ಟ್ಯೂಬ್ ಹೋಯ್ತು, ಗಾಳಿ ಯಾಕೆ ಹೋಗ್ತಿದೆ?

ಇವತ್ತಿನ ಕಂತು ಶುರುವಾಗಿದ್ದೇ ನನ್ನ ಪೆದ್ದುತನದಿಂದ. ಹೋದ ತಿಂಗಳು ನನ್ನ ಮೌಂಟನ್ ಬೈಕಿನ ಚಕ್ರಗಳನ್ನ ಮನೆಯಲ್ಲೇ ಟ್ಯೂಬ್‌ಲೆಸ್ ಮಾಡಿಕೊಂಡೆ. ರಾತ್ರಿ ಕಲ್ಲಿನ ಹಾಗೆ ಗಟ್ಟಿಯಿದ್ದ ಹಿಂದಿನ ಚಕ್ರ ಬೆಳಗ್ಗೆ ನೋಡಿದ್ರೆ ಚಪ್ಪಟೆ. ಭಾನುವಾರ ಗೆಳೆಯರೆಲ್ಲ ರೈಡಿಗೆ ಹೋದರು, ನಾನು ಮನೆಯಲ್ಲಿ ಪಂಪ್ ಹಿಡಿದು ಕೂತೆ. ಟೈರೇ ಸರಿಯಿಲ್ಲ ಅಂತ ಹೊಸದು ತಂದೆ. ದುಡ್ಡೂ ಹೋಯ್ತು, ಗಾಳಿನೂ ಹೋಯ್ತು. ಆ ಸಿಟ್ಟಲ್ಲೇ ಚಕ್ರದೊಳಗೆ ಗಾಳಿ ಹಿಡಿದಿಡೋ ಇತಿಹಾಸ ಓದೋಕೆ ಶುರು ಮಾಡಿದೆ.

ಗಾಳಿ ಟೈರಿಗೆ ಮೊದಲ ಪೇಟೆಂಟ್ ಪಡೆದವರು ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್, 1845ರಲ್ಲಿ. ರಬ್ಬರ್ ಬಳಿದ ಬಟ್ಟೆಯ ಟ್ಯೂಬು, ಮೇಲೆ ಚರ್ಮದ ಹೊದಿಕೆ. ಅದು ಕುದುರೆ ಗಾಡಿಗಳ ಕಾಲ. ಜನ ಅದನ್ನ ಮರೆತೇಬಿಟ್ಟರು. 1888ರಲ್ಲಿ ಬೆಲ್‌ಫಾಸ್ಟ್‌ನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್, ಮಗನ ಮೂರು ಚಕ್ರದ ಸೈಕಲ್ಲಿಗೆ ಮಾಡಿದ್ದ ಟೈರಿಗೆ ಪೇಟೆಂಟ್ ಪಡೆದರು. ಥಾಮ್ಸನ್ ಮೊದಲೇ ಮಾಡಿದ್ದರು ಅಂತ ಗೊತ್ತಾದ ಮೇಲೆ ಆ ಪೇಟೆಂಟ್ ಬಿದ್ದುಹೋಯ್ತು. ಆದರೆ ಸೈಕಲ್ಲಿಗೆ ಗಾಳಿ ಟೈರು ಬಂದಾಗಿತ್ತು.

ತೊಂದರೆ ಏನಪ್ಪಾ ಅಂದ್ರೆ, ಆ ಟೈರನ್ನ ರಿಮ್ಮಿಗೆ ಅಂಟಿಸ್ತಿದ್ರು. 1889ರಲ್ಲಿ ಫ್ರಾನ್ಸಿನ ಕ್ಲೆರ್ಮಾನ್-ಫೆರಾನ್‌ಗೆ ಒಬ್ಬ ಸವಾರ ಪಂಕ್ಚರ್ ಆದ ಸೈಕಲ್ ತಂದ. ಬಿಚ್ಚಿ ತೇಪೆ ಹಾಕೋಕೆ ಮೂರು ಗಂಟೆ, ಅಂಟು ಒಣಗೋಕೆ ಒಂದು ರಾತ್ರಿ. ಇದು ಮಿಶೆಲಿನ್ ಕಂಪನಿಯೇ ಹೇಳೋ ಕಥೆ. ಆಮೇಲೆ ಮಿಶೆಲಿನ್ ಸಹೋದರರು ಬಿಚ್ಚಿ ಹಾಕಬಹುದಾದ ಟೈರು ತಂದರು. 1891ರಲ್ಲಿ ಅದೇ ಟೈರಿನ ಮೇಲೆ ಶಾರ್ಲ್ ತೆರೋಂ ಸುಮಾರು 1200 ಕಿ.ಮೀ.ಗಳ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ರೇಸ್ ಗೆದ್ದರು.

ಕಾರುಗಳಿಗೆ ಟ್ಯೂಬ್‌ಲೆಸ್ 1950ರ ದಶಕದಲ್ಲೇ ಬಂತು. ಮೌಂಟನ್ ಬೈಕಿಗೆ ಯಾಕೆ ಅಷ್ಟು ತಡ? ಕಾರಣ ರಿಮ್ಮಿನ ತೂತುಗಳು. ಕಾರಿನ ಉಕ್ಕಿನ ರಿಮ್ಮಿನಲ್ಲಿ ಕಡ್ಡಿ ಇಲ್ಲ. ನಮ್ಮ ಸೈಕಲ್ ರಿಮ್ಮಿನಲ್ಲಿ ಕಡ್ಡಿಗಳಿಗೆ ಸಾಮಾನ್ಯವಾಗಿ 32 ತೂತು. ಆದರೆ ಕಲ್ಲು ಹಾದಿಯಲ್ಲಿ ಹಿಡಿತ ಬೇಕಂದ್ರೆ ಗಾಳಿ ಕಡಿಮೆ ಇರಬೇಕು. ಕಡಿಮೆ ಇದ್ರೆ ಟ್ಯೂಬು ಕಲ್ಲಿಗೂ ರಿಮ್ಮಿಗೂ ಸಿಕ್ಕಿ ಹಾವು ಕಚ್ಚಿದ ಹಾಗೆ ಜೋಡಿ ತೂತಾಗುತ್ತೆ.

1999ರಲ್ಲಿ ಮಾವಿಕ್, ಮಿಶೆಲಿನ್, ಹಚಿನ್‌ಸನ್ ಸೇರಿ ಒಳಗೋಡೆಯಲ್ಲಿ ಕಡ್ಡಿ ತೂತೇ ಇಲ್ಲದ ರಿಮ್ಮು, ಅದಕ್ಕೊಪ್ಪುವ ಟೈರು ತಂದವು. ಗಾಳಿ ನಿಂತಿತು, ತೂಕ ಜಾಸ್ತಿ. 2001ರಲ್ಲಿ ಅಮೆರಿಕದ ಸ್ಟಾನ್ ಕೊಜಿಯಾಟೆಕ್ ತಮ್ಮ 'ಸ್ಟಾನ್ಸ್ ನೋ ಟ್ಯೂಬ್ಸ್' ಕಂಪನಿ ಶುರು ಮಾಡಿದರು. ಮಾಮೂಲಿ ರಿಮ್ಮಿಗೆ ಟೇಪು, ಒಳಗೆ ಲೇಟೆಕ್ಸ್ ಸೀಲೆಂಟ್. ಯಾರು ಬೇಕಾದರೂ ಮಾಡಬಹುದು. ಆದರೆ ಇಲ್ಲೇ ನೋಡಿ ವಿಷಯ: ಗಾಳಿ ಹೋಗದ ಹಾಗೆ ಮುಚ್ಚೋ ಕೆಲಸ ಕಾರ್ಖಾನೆಯಿಂದ ನಮ್ಮ ಕೈಗೆ ಬಂತು.

ಇದನ್ನ ಓದಿದ ಮೇಲೆ ಟೈರನ್ನ ಬೈಯೋದು ಬಿಟ್ಟು, ಪಂಕ್ಚರ್ ಅಂಗಡಿಯವರ ಹಾಗೆ ನೀರಿನ ಮೊರೆ ಹೋದೆ. ಗಾಳಿ ತುಂಬಿ, ಚಕ್ರಕ್ಕೆಲ್ಲ ಸೋಪಿನ ನೀರು ಬಳಿದೆ. ಟೈರಿನ ಅಂಚಲ್ಲಿ ಗುಳ್ಳೆ ಬಂದ್ರೆ ಚಕ್ರ ಅಲ್ಲಾಡಿಸಿ ಮಲಗಿಸಬೇಕು, ಸೀಲೆಂಟ್ ಅಲ್ಲಿಗೆ ಹರಿದು ಮುಚ್ಚುತ್ತೆ. ವಾಲ್ವ್ ಬುಡದಲ್ಲಿ ಬಂದ್ರೆ ನಟ್ಟನ್ನ ಕೈಯಲ್ಲೇ ಬಿಗಿ ಮಾಡಬೇಕು. ನನಗೆ ಗುಳ್ಳೆ ಬಂದಿದ್ದು ಮಾತ್ರ ವಾಲ್ವಿನ ಎದುರು ಬದಿಯ ಒಂದು ಕಡ್ಡಿಯ ಬುಡದಲ್ಲಿ.

ಟೈರು ಬಿಚ್ಚಿದೆ. ಆ ಕಡ್ಡಿಯ ಮೇಲಿನ ಟೇಪು ಸರಿಯಾಗೇ ಇತ್ತು! ಹರಿದಿದ್ದು ವಾಲ್ವಿನ ಹತ್ತಿರ, ನಾನೇ ಬ್ಲೇಡಿನಿಂದ ಕೊಯ್ದ ಜಾಗದಲ್ಲಿ. ಗಾಳಿ ಅಲ್ಲಿ ಟೇಪಿನ ಕೆಳಗೆ ನುಸುಳಿ, ಟೊಳ್ಳು ರಿಮ್ಮೊಳಗೆ ಸುತ್ತಿ, ಇನ್ನೊಂದು ಕಡೆ ಆಚೆ ಬರ್ತಿತ್ತು. ಹಳೇ ಟೇಪು ಕಿತ್ತು, ರಿಮ್ಮನ್ನ ಸ್ಪಿರಿಟ್‌ನಿಂದ ಒರೆಸಿ ಒಣಗಿಸಿದೆ. ಹೊಸ ಟೇಪನ್ನ ಬಿಗಿಯಾಗಿ ಎಳೆದು ಸುತ್ತಿ, ಕೊನೆಯನ್ನ ವಾಲ್ವ್ ದಾಟಿಸಿ ಅಂಟಿಸಿದೆ. ಈ ಸಲ ಬ್ಲೇಡ್ ಇಲ್ಲ, ಕಾದ ಮೊಳೆಯಿಂದ ಸಣ್ಣ ತೂತು.

ಮಾರನೇ ಬೆಳಗ್ಗೆ ಹೆಬ್ಬೆರಳಲ್ಲಿ ಒತ್ತಿ ನೋಡಿದೆ. ಗಟ್ಟಿ! ಹಾಕಿದ್ದು ಹಳೇ ಟೈರನ್ನೇ. ಸುಮ್ಮನೆ ತಂದ ಹೊಸದು ಗೋಡೆಗೆ ನೇತಾಡ್ತಿದೆ. ನಿಮ್ಮ ಚಕ್ರವೂ ಹೀಗೆ ಕಾಡ್ತಿದ್ರೆ, ಅಂಗಡಿಗೆ ಓಡೋ ಮುಂಚೆ ಒಂದು ಲೋಟ ಸೋಪಿನ ನೀರು ಕಲಸಿ. ಮುಂದಿನ ವಾರ ಸಿಗೋಣ.