ಹೊಂಟವರು, ಹೋದವರು, ಗುಳೆ ಹೋದವರು: ಸಿಂಧನೂರು, ಲಿಂಗಸುಗೂರು, ಮಸ್ಕಿ ಭಾಗದ ಕನ್ನಡದಲ್ಲಿ ಚಲನೆಯ ಕ್ರಿಯಾಪದಗಳು

ಇಂಗ್ಲಿಷಿನ ‘ಗೋ’ ಎಂಬ ಪುಟ್ಟ ಕ್ರಿಯಾಪದಕ್ಕೆ ಕನ್ನಡದಲ್ಲಿ ಅರ್ಥ ಹೇಳುವಾಗ ಹೋಗು, ನಡೆ, ಹೊರಡು, ತೆರಳು, ಸಾಗು ಎಂಬ ಪದಗಳನ್ನು ಸಾಲಾಗಿ ಇಟ್ಟುಬಿಡುವುದು ವಾಡಿಕೆ. ಶಾಲೆಯ ಸಮಾನಾರ್ಥಕ ಪದಗಳ ಪಟ್ಟಿಗಳೂ ಇದೇ ದಾರಿ ಹಿಡಿದಿವೆ. ಇವುಗಳ ನಡುವೆ ವೇಗದ್ದೋ ಗಾಂಭೀರ್ಯದ್ದೋ ಸಣ್ಣ ವ್ಯತ್ಯಾಸವಿದೆ, ಅಷ್ಟೆ ಎಂಬ ನಂಬಿಕೆ ಇದಕ್ಕೆ ಆಧಾರ. ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳ ಆಡುಮಾತಿಗೆ ಒಡ್ಡಿದರೆ ಈ ನಂಬಿಕೆ ನಿಲ್ಲುವುದಿಲ್ಲ. ಇಲ್ಲಿ ‘ಹೋಗು’ವಿನ ಬಳಗವನ್ನು ವಿಂಗಡಿಸುವ ಸಂಗತಿಗಳು ಎರಡು: ಹೋದವರು ಮರಳುತ್ತಾರೆಯೇ ಎಂಬುದು ಒಂದು, ಮಾತಾಡುವವರು ಎಲ್ಲಿ ನಿಂತು ಅದನ್ನು ಹೇಳುತ್ತಿದ್ದಾರೆ ಎಂಬುದು ಇನ್ನೊಂದು.

ಲಿಂಗಸುಗೂರಿನ ಬಸ್ ನಿಲ್ದಾಣದಲ್ಲಿ ಕೈಚೀಲ ಹಿಡಿದು ನಿಂತವರನ್ನು ಪರಿಚಿತರು ಕೇಳುವುದು “ಎಲ್ಲಿಗೆ ಹೊಂಟೀರಿ?” ಎಂದು. “ಮುದಗಲ್ಲಿಗೆ ಹೊಂಟೀನ್ರಿ” ಎಂಬುದು ಉತ್ತರ. ‘ಹೊರಡು’ವಿನಿಂದ ಬಂದ ಈ ರೂಪ ನೋಡಲು ಭೂತಕಾಲದ್ದು, ಅರ್ಥ ಮಾತ್ರ ಈ ಗಳಿಗೆಯದು: ಮನೆಯ ಹೊಸ್ತಿಲು ದಾಟಿಯಾಗಿದೆ, ಊರು ಇನ್ನೂ ಮುಟ್ಟಿಲ್ಲ. ಹಳಗನ್ನಡದ ‘ಪೊಱಮಡು’ವಿನಲ್ಲಿರುವ ‘ಪೊಱ’, ಅಂದರೆ ಹೊರಗು, ಈ ಮಾತಿನಲ್ಲಿ ಇಂದಿಗೂ ಕೆಲಸ ಮಾಡುತ್ತಿದೆ. ಅದೇ ವ್ಯಕ್ತಿಯನ್ನು ಹುಡುಕಿಕೊಂಡು ಯಾರಾದರೂ ಮನೆಗೆ ಬಂದರೆ “ಮುದಗಲ್ಲಿಗೆ ಹೋಗ್ಯಾನ” ಎನ್ನುತ್ತಾರೆ. ಹೋದವನು ಇನ್ನೂ ಬಂದಿಲ್ಲ ಎಂಬುದು ಆ ರೂಪದೊಳಗೇ ಇದೆ. ಬಂದ ಮೇಲೆ “ಹೋಗಿದ್ದ” ಅಥವಾ “ಹೋಗಿ ಬಂದ” ಎಂದೇ ಆಗಬೇಕು. ‘ನಡಿ’ಗೂ ಕಾಲ್ನಡಿಗೆಗೂ ಸಂಬಂಧ ಉಳಿದಿಲ್ಲ. “ನಡೀರಿ, ಹೋಗೂಣು” ಎಂದು ಬಸ್ ಹತ್ತುವಾಗಲೂ ಹೇಳುತ್ತಾರೆ, ಹಾಗೆ ಹೇಳುವವರು ತಾವೂ ಜೊತೆಗೆ ಹೊರಟಿರುತ್ತಾರೆ. ಹಿರಿಯರೊಬ್ಬರ ವಿಷಯದಲ್ಲಿ ಬರಿಯ “ಹೋದ್ರು” ಎಂದರೆ ಸಾವಿನ ಸುದ್ದಿ. ಬೀಳ್ಕೊಳ್ಳುವವರು ‘ಹೋಗಿ’ಗೆ ‘ಬರ್ತೀನ್ರಿ’ ಸೇರಿಸದೆ ಬಿಡದಿರುವುದು ಈ ಕಾರಣಕ್ಕೇ. ‘ಹೋಗಿ ಬರು’ ಇಡೀ ಕರ್ನಾಟಕದ ಮಾತು, ಈ ಮೂರು ತಾಲ್ಲೂಕುಗಳ ಸೊತ್ತಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಅದು ವಾದವನ್ನು ಸಡಿಲಿಸುವುದಿಲ್ಲ: ಕನ್ನಡಕ್ಕೆಲ್ಲ ಸಾಮಾನ್ಯವಾದ ಈ ಭೇದವನ್ನು ಇಲ್ಲಿನ ಬದುಕು ಇನ್ನಷ್ಟು ಮೊನಚು ಮಾಡಿದೆ.

ಸಮೀಪಾರ್ಥದ ಚಲನಪದವನ್ನು ಓದುವಾಗ ಮರಳುವಿಕೆಯ ಪ್ರಶ್ನೆ ಎಷ್ಟು ತೊಡಕಾಗಬಲ್ಲದು ಎಂಬುದಕ್ಕೆ ಮಸ್ಕಿಯ ಬಂಡೆಯೇ ಸಾಕ್ಷಿ. 1915ರಲ್ಲಿ ಗಣಿ ಎಂಜಿನಿಯರ್ ಬೀಡನ್ ಅದರ ಮೇಲೆ ಕಂಡ ಪ್ರಾಕೃತದ ಕಿರು ಶಿಲಾಶಾಸನ, ಅದನ್ನು ಬರೆಸಿದ ಅರಸನ ‘ಅಶೋಕ’ ಎಂಬ ಹೆಸರನ್ನು ಕೊಟ್ಟದ್ದಕ್ಕೆ ಪ್ರಸಿದ್ಧ. ಅದರಲ್ಲಿನ ಇನ್ನೊಂದು ಸಂಗತಿಗೆ ಸಿಕ್ಕ ಗಮನ ಕಡಿಮೆ. ಅರಸನಿಗೂ ಬೌದ್ಧ ಸಂಘಕ್ಕೂ ಇದ್ದ ನಂಟನ್ನು ಹೇಳುವಲ್ಲಿ ಇದೇ ಶಾಸನದ ರೂಪನಾಥದ ಪಾಠ ‘ಉಪೇತೆ’ ಎಂದರೆ, ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯದು ‘ಉಪಯೀತೆ’ ಎನ್ನುತ್ತದೆ, ಮಸ್ಕಿಯದು ‘ಉಪಗತೆ’ ಎನ್ನುತ್ತದೆ. ಮೂರೂ ‘ಹತ್ತಿರ ಹೋದ’ ಎಂಬ ಅರ್ಥದವೇ, ಆದರೆ ಧಾತು ಬೇರೆ ಬೇರೆ. ಇದು ಬರೆದವನ ಕೈತಪ್ಪು ಎನ್ನೋಣವೇ? ಮುಂದೆ, ಸಾಮಾನ್ಯನೂ ಈ ಫಲವನ್ನು ಪಡೆಯಬಲ್ಲ ಎನ್ನುವಲ್ಲಿ ಉಳಿದೆರಡು ಪಾಠಗಳು ಬೇರೆ ಕ್ರಿಯಾಪದ ಬಳಸಿದರೆ ಮಸ್ಕಿಯದು ‘ಅಧಿಗತವೆ’ ಎಂದು ಮತ್ತೆ ‘ಗಮ್’ ಧಾತುವಿಗೇ ಬರುತ್ತದೆ. ಇಲ್ಲಿನ ಪಾಠಕ್ಕೆ ಆ ಧಾತುವಿನ ಕಡೆ ಒಲವಿದ್ದುದು ಸ್ಪಷ್ಟ. ವಿದ್ವಾಂಸರು ಜಗಳವಾಡಿದ್ದು ‘ಉಪಗತೆ’ಯ ಅರ್ಥದ ಮೇಲೆ. ಅಶೋಕ ಭಿಕ್ಷುವೇ ಆದನೆಂದು ಕೆಲವರು ಓದಿದರು. ಅಶೋಕನ ಶಾಸನಗಳ 1925ರ ಆವೃತ್ತಿಯಲ್ಲಿ ವಿದ್ವಾಂಸ ಹುಲ್ಟ್ಸ್ ಅದನ್ನು ಬರಿಯ ಭೇಟಿಯೆಂದು ಓದಿದ. ಸಂಘಕ್ಕೆ ಹೋಗಿ ಬಂದನೋ, ಹೋಗಿ ಅಲ್ಲಿಯವನೇ ಆದನೋ? ಪ್ರಾಕೃತಕ್ಕೂ ಇಂದಿನ ರಾಯಚೂರು ಕನ್ನಡಕ್ಕೂ ವಂಶದ ನಂಟು ಕಟ್ಟುವ ಉದ್ದೇಶ ಇಲ್ಲಿಲ್ಲ. ಮರಳುವಿಕೆಯನ್ನು ಪದದೊಳಗೆ ಗುರುತಿಸದ ಭಾಷೆಯಲ್ಲಿ ಓದುಗರಿಗೆ ಉಳಿಯುವ ಸಂದೇಹ ಎಂಥದು ಎಂಬುದನ್ನಷ್ಟೇ ಆ ಬಂಡೆ ತೋರಿಸುತ್ತದೆ.

ಇಲ್ಲಿನ ಕನ್ನಡ ಆ ಸಂದೇಹಕ್ಕೆ ಎಡೆ ಕೊಡದಿರುವುದು ‘ಗುಳೆ’ ಎಂಬ ಪದದಲ್ಲಿ ಎದ್ದು ಕಾಣುತ್ತದೆ. 1953ರಲ್ಲಿ ಪೂರ್ಣಗೊಂಡ ತುಂಗಭದ್ರಾ ಅಣೆಕಟ್ಟೆಯ ಎಡದಂಡೆ ಕಾಲುವೆ ಸಿಂಧನೂರನ್ನು ನೆಲ್ಲಿನ ಸೀಮೆಯಾಗಿಸಿತು; ಮಸ್ಕಿ, ಲಿಂಗಸುಗೂರುಗಳ ಎಷ್ಟೋ ಹಳ್ಳಿಗಳು ಮಳೆಯನ್ನೇ ನೆಚ್ಚಿ ಉಳಿದವು. ಒಣಸೀಮೆಯ ಹೆಂಗಸರು ನೀರಾವರಿಯ ಗದ್ದೆಗಳಿಗೆ ಹೋದರೆ “ನೆಲ್ಲು ಹಚ್ಚಾಕ ಹೋಗ್ಯಾರ” ಎನ್ನುತ್ತಾರೆ, ಸಂಜೆಗೆ ಅವರು ಮನೆಗೆ ಬರುತ್ತಾರೆ. ಅದೇ ಸಂಸಾರ ಮಕ್ಕಳು ಮರಿ ಕಟ್ಟಿಕೊಂಡು ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಹೋದರೆ “ಗುಳೆ ಹೋಗ್ಯಾರ”. ಉಗಾದಿಗೋ ಮೊಹರಂಗೋ ಮುಂಗಾರಿನ ಮೊದಲ ಮಳೆಗೋ ಬಂದಾರು ಎಂಬ ಎಣಿಕೆ ಆ ಮಾತಿನಲ್ಲಿದೆ. ‘ಗುಳೆ ಏಳು’ ಇದಕ್ಕಿಂತ ಬೇರೆ. “ಊರಿಗೂರೇ ಗುಳೆ ಎದ್ದಿತು” ಎನ್ನುವಾಗ ಕರ್ತೃಪದ ಊರು, ಕಾರಣ ಬರವೋ ದಂಡಿನ ದಾಳಿಯೋ, ಮರಳುವ ಮಾತು ಅಲ್ಲಿಲ್ಲ.

ಪತ್ರಿಕೆಗಳೂ ಕಚೇರಿಗಳೂ ‘ಗುಳೆ’, ‘ವಲಸೆ’ಗಳನ್ನು ಅದಲುಬದಲಾಗಿ ಬರೆಯುವುದರಿಂದ ಇವೆರಡು ಸಮಾನಾರ್ಥಕಗಳಲ್ಲವೇ ಎಂದು ಕೇಳಬಹುದು. ಆದರೆ ಈ ಅದಲುಬದಲು ಒಂದೇ ದಿಕ್ಕಿಗೆ ನಡೆಯುತ್ತದೆ. ಗುಳೆ ಹೋದವರನ್ನು ವರದಿಯಲ್ಲಿ ವಲಸಿಗರೆನ್ನಬಹುದು. ಕಾಲುವೆ ಬಂದ ಮೇಲೆ ಆಂಧ್ರದಿಂದ ಬಂದು ಸಿಂಧನೂರಿನ ಸುತ್ತ ಹೊಲ ಕೊಂಡು ನೆಲೆಸಿದ ರೈತರನ್ನು ಗುಳೆಯವರೆನ್ನುವುದಿಲ್ಲ. ಅವರು ‘ಆಂಧ್ರದಿಂದ ಬಂದವರು’, ಅವರು ನೆಲೆಸಿದ ವಸತಿಗಳ ಹೆಸರಿನಿಂದ ‘ಕ್ಯಾಂಪಿನವರು’. ‘ವಲಸೆ ಬಂದರು’ ಎಂಬುದು ಸಹಜ. ‘ಗುಳೆ ಬಂದರು’ ಎಂಬುದು ಅಚ್ಚಿನಲ್ಲಿ ಅಪರೂಪಕ್ಕೆ ಕಂಡರೂ ಇಲ್ಲಿನ ಕಿವಿಗೆ ಹೊಂದದು. ಗುಳೆ ಎಂಬುದು ಊರಲ್ಲಿ ಉಳಿದವರ ಕಣ್ಣಿನಿಂದ ಕಂಡ ಚಲನೆ. ಹೀಗಾಗಿ ಎಲ್ಲವನ್ನೂ ‘ವಲಸೆ’ ಎಂದು ಬರೆಯುವ ದಾಖಲೆ, ಯಾರಿಗೆ ಊರಲ್ಲಿ ಬೇಸಿಗೆಯ ಕೆಲಸ ಬೇಕು, ಯಾರ ಮಕ್ಕಳು ಅರ್ಧ ವರ್ಷಕ್ಕೆ ಶಾಲೆ ಬಿಡುತ್ತಾರೆ ಎಂಬ ತಿಳಿವಳಿಕೆಯನ್ನು ಪದದ ಜೊತೆಗೇ ಕಳೆದುಕೊಳ್ಳುತ್ತದೆ.

ಇನ್ನೂ ಗಟ್ಟಿಯಾದ ಆಕ್ಷೇಪ ಒಂದಿದೆ: ವರ್ಷಗಟ್ಟಲೆ ಮರಳದವರನ್ನೂ ಗುಳೆ ಹೋದವರೆಂದೇ ಕರೆಯುತ್ತಾರಲ್ಲ? ಕರೆಯುತ್ತಾರೆ, ಊರಲ್ಲಿ ಬೀಗ ಹಾಕಿದ ಮನೆಯೋ ವಯಸ್ಸಾದ ತಾಯಿಯೋ ಇರುವವರೆಗೆ. ಆ ಎಳೆಯೂ ಕಡಿದ ಸಂಸಾರದ ಬಗ್ಗೆ ಕೇಳಿದರೆ ‘ಹೋಗು’ವಿನ ಯಾವ ರೂಪವೂ ಉತ್ತರದಲ್ಲಿ ಬರುವುದಿಲ್ಲ. “ಅವ್ರು ಬೆಂಗಳೂರಾಗ ಅದಾರ” ಎನ್ನುತ್ತಾರೆ.